ಕರ್ನಾಟಕದಲ್ಲಿ ಬಡ ಮಕ್ಕಳೆಷ್ಟು: ನಾನು ಲೆಕ್ಕ ಹಾಕಿದ ಬಗೆ

ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ತನ್ನ ವಾರ್ಷಿಕ ವರದಿಗೆ ಕರ್ನಾಟಕದ ಮಕ್ಕಳಲ್ಲಿ ಬಡವರ ಪ್ರಮಾಣವೆಷ್ಟೆಂದು ಕೇಳಿದಾಗ, ಅರ್ಧ ದಿನದ ಕೆಲಸವೆಂದುಕೊಂಡು ಒಪ್ಪಿಕೊಂಡೆ. ನೀತಿ ಆಯೋಗ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರಾಜ್ಯದಲ್ಲಿ ಬಹು ಆಯಾಮದ ಬಡತನ (ಆದಾಯದ ಬದಲು ಆರೋಗ್ಯ, ಶಿಕ್ಷಣ, ಜೀವನಮಟ್ಟದ ಕೊರತೆಗಳಿಂದ ಅಳೆಯುವ ಬಡತನ) 2015-16ರಲ್ಲಿದ್ದ ಶೇ. 12.77ರಿಂದ 2019-21ರಲ್ಲಿ ಶೇ. 7.58ಕ್ಕೆ ಇಳಿದಿತ್ತು. ಅದೇ ಪ್ರಮಾಣವನ್ನು ಮಕ್ಕಳಿಗೂ ಅನ್ವಯಿಸಿದರಾಯಿತು ಎಂಬುದು ಸಂಸ್ಥೆಯವರ ಎಣಿಕೆಯಾಗಿತ್ತು. ಮೊದಲ ದಿನ ನನ್ನದೂ ಅದೇ ಆಗಿತ್ತು.

ತಪ್ಪು ಎಲ್ಲಿದೆಯೆಂಬುದು ಕಾಗದದ ಮೇಲೆ ಹತ್ತು ಮನೆ ಬರೆದುಕೊಂಡಾಗ ತಿಳಿಯಿತು. ಎರಡು ಮನೆ ಬಡವು, ಒಂದೊಂದರಲ್ಲಿ ಆರು ಜನ, ಅವರಲ್ಲಿ ನಾಲ್ವರು ಮಕ್ಕಳು ಎಂದಿಟ್ಟುಕೊಳ್ಳಿ. ಉಳಿದ ಎಂಟರಲ್ಲಿ ತಲಾ ಮೂವರು, ಅವರಲ್ಲಿ ಒಂದು ಮಗು. ಬಡ ಮನೆಗಳು ಶೇ. 20, ಬಡ ಜನ ಶೇ. 33, ಬಡ ಮಕ್ಕಳು ಶೇ. 50. ಬಡ ಮನೆಗಳಲ್ಲಿ ಮಕ್ಕಳು ಹೆಚ್ಚಿರುವ ಕಡೆಯಲ್ಲೆಲ್ಲ, ಒಟ್ಟು ಜನರ ಪ್ರಮಾಣವು ಮಕ್ಕಳ ಬಡತನವನ್ನು ಕಡಿಮೆಯಾಗಿಯೇ ತೋರಿಸುತ್ತದೆ.

ಹಾಗಾಗಿ ಆಯೋಗದ 2019-21ರ ಅಂಕಿಗೆ ಆಧಾರವಾದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂಲ ದತ್ತಾಂಶವನ್ನೇ ಇಳಿಸಿಕೊಂಡು, ಮನೆಯ ಪ್ರತಿ ಸದಸ್ಯರಿಗೂ ಒಂದು ಸಾಲಿರುವ ಕಡತದಿಂದ ಲೆಕ್ಕ ಆರಂಭಿಸಿದೆ. ಬಡತನ ಅಳೆಯುವ ಮೊದಲು, ಸಮೀಕ್ಷೆ ಈಗಾಗಲೇ ಪ್ರಕಟಿಸಿರುವ ಯಾವುದಾದರೂ ಒಂದು ಅಂಕಿ ನನ್ನ ಕೈಯಿಂದಲೂ ಬರಬೇಕೆಂಬುದು ನಾನು ಬಿಡದೆ ಪಾಲಿಸುವ ನಿಯಮ. ಆ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಕರ್ನಾಟಕದಲ್ಲಿ ಶೇ. 35.4. ನನಗೆ ಬಂದದ್ದು ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ. ಸಾಲು ಸಾಲಾಗಿ ನೋಡುತ್ತ ಹೋದಾಗ ಎತ್ತರದ ಕಾಲಂನಲ್ಲಿ 9998 ಎಂಬ ಸಂಖ್ಯೆ ಮತ್ತೆ ಮತ್ತೆ ಕಂಡಿತು. ಅದು ಅಳತೆಯಲ್ಲ, ಅಳತೆ ನಂಬಲರ್ಹವಲ್ಲ ಎಂಬ ಗುರುತು. ನನ್ನ ಪ್ರೋಗ್ರಾಂ ಆ ಮಕ್ಕಳನ್ನೆಲ್ಲ ಭಾರೀ ಎತ್ತರದವರೆಂದು ಎಣಿಸಿಬಿಟ್ಟಿತ್ತು. ಅವರನ್ನು ಕೈಬಿಟ್ಟ ಮೇಲೂ ದಶಾಂಶದ ವ್ಯತ್ಯಾಸ ಉಳಿಯಿತು. ನಾನು ಮನೆಯ ಕಾಯಂ ನಿವಾಸಿಗಳನ್ನು ತೆಗೆದುಕೊಂಡಿದ್ದೆ, ಸಮೀಕ್ಷೆ ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ ಮಕ್ಕಳನ್ನು ತೆಗೆದುಕೊಂಡಿತ್ತು. ಅದನ್ನು ಸರಿಪಡಿಸಿದ ಮೇಲೆ 35.4 ಬಂತು. ಎರಡು ದಿನ ಇದಕ್ಕೇ ಹೋದವು, ಆದರೂ ಆ ಸಮಯ ವ್ಯರ್ಥವಾಯಿತೆಂದು ನನಗೆ ಅನಿಸಿಲ್ಲ.

ನಿಜವಾದ ತೊಡಕು ಎದುರಾದದ್ದು ಪೌಷ್ಟಿಕತೆಯ ಸೂಚಕದಲ್ಲಿ. ನೀತಿ ಆಯೋಗದ 12 ಸೂಚಕಗಳಲ್ಲಿ ಇದಕ್ಕೆ ಒಟ್ಟು ಅಂಕದ ಆರನೇ ಒಂದು ಪಾಲಿದೆ; ಒಂದು ಮನೆಯ ಕೊರತೆಗಳ ಮೊತ್ತ ಮೂರನೇ ಒಂದು ಪಾಲು ಮುಟ್ಟಿದರೆ ಆ ಮನೆಯವರೆಲ್ಲರೂ ಬಡವರು. ಮನೆಯಲ್ಲಿ ಒಬ್ಬರಿಗೆ ಅಪೌಷ್ಟಿಕತೆಯಿದ್ದರೂ ಇಡೀ ಮನೆಗೆ ಆ ಕೊರತೆ ಸೇರುತ್ತದೆ. ಎರಡು ವರ್ಷದ ತಮ್ಮ ಕುಳ್ಳಗಿದ್ದರೆ ಹತ್ತು ವರ್ಷದ ಅಕ್ಕನೂ ಕೊರತೆಯವಳೇ, ಅವಳು ಹೇಗಿದ್ದರೂ ಸರಿ. ಅವಳ ಎತ್ತರ, ತೂಕವನ್ನಂತೂ ಯಾರೂ ಅಳೆದಿಲ್ಲ. ಐದು ವರ್ಷದೊಳಗಿನವರನ್ನೂ ಹದಿನೈದು ದಾಟಿದವರನ್ನೂ ಅಳೆಯುವ ಸಮೀಕ್ಷೆ ನಡುವಿನವರನ್ನು ಬಿಟ್ಟಿದೆ. ಕೊನೆಗೆ ಎರಡು ಅಂದಾಜು ಸಿದ್ಧಪಡಿಸಿದೆ: ಆಯೋಗದ ನಿಯಮವನ್ನೇ ಇಟ್ಟುಕೊಂಡು 18 ವರ್ಷದೊಳಗಿನವರನ್ನು ಮಾತ್ರ ಎಣಿಸಿದ್ದೊಂದು, ಆಯಾ ವಯಸ್ಸಿನ ಮಗುವಿನದೇ ಕೊರತೆಗಳನ್ನು ನೋಡಿದ್ದು ಇನ್ನೊಂದು. "ಎರಡು ಕೊಟ್ಟರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ ಸರ್, ಒಂದೇ ಹೇಳಿ" ಎಂದು ವರದಿಯ ಹೊಣೆ ಹೊತ್ತಿದ್ದವರು ಕೇಳಿಕೊಂಡರು. ಒಂದನ್ನೇ ಹೇಳಿದರೆ ಆ ಅಕ್ಕನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆದಂತಾಗುತ್ತಿತ್ತು, ಆದ್ದರಿಂದ ನಾನು ಒಪ್ಪಲಿಲ್ಲ.

ಅಂದಾಜಿನ ಜೊತೆಗೆ ಅದರ ಏರಿಳಿತದ ಮಿತಿಯನ್ನೂ, ಅಂದರೆ ನಿಜವಾದ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬುದನ್ನೂ ಕೊಟ್ಟೆ. ಸಮೀಕ್ಷೆ ಒಂದು ಹಳ್ಳಿ ಅಥವಾ ಬಡಾವಣೆಯನ್ನು ಆರಿಸಿ ಅಲ್ಲಿ 22 ಮನೆಗಳಿಗೆ ಹೋಗುತ್ತದೆ. ಅಕ್ಕಪಕ್ಕದ ಮನೆಗಳ ಸ್ಥಿತಿ ಸಾಮಾನ್ಯವಾಗಿ ಒಂದೇ ತೆರನಾಗಿರುವುದರಿಂದ, ಆ 22 ಮನೆಗಳಿಂದ ಸಿಗುವ ಮಾಹಿತಿ 22 ಬೇರೆ ಬೇರೆ ಊರುಗಳ ಮನೆಗಳಷ್ಟು ಬೆಲೆಯದ್ದಲ್ಲ. ಇದನ್ನು ಮರೆತರೆ ಮಿತಿ ಸುಳ್ಳಾಗಿ ಕಿರಿದಾಗುತ್ತದೆ. ರಾಜ್ಯಮಟ್ಟದಲ್ಲಿ ಅಂದಾಜು ಗಟ್ಟಿಯಾಗಿಯೇ ನಿಂತಿತು. ಯಾದಗಿರಿ, ಕೊಪ್ಪಳದಂಥ ಜಿಲ್ಲೆಗಳನ್ನು ವಯಸ್ಸಿನ ಗುಂಪುಗಳಾಗಿ ಒಡೆದಾಗ ಮಿತಿ ಎಷ್ಟು ಅಗಲವಾಯಿತೆಂದರೆ ಆ ಕೋಷ್ಟಕವನ್ನೇ ತೆಗೆದುಹಾಕಿದೆ. ತಮಿಳುನಾಡಿನ ಜೊತೆಗಿನ ಹೋಲಿಕೆಯನ್ನೂ ಬಿಟ್ಟೆ. ಕರ್ನಾಟಕದ ಸಮೀಕ್ಷೆ ಮೊದಲ ಹಂತದಲ್ಲಿ, ಕೋವಿಡ್‌ಗೆ ಮುಂಚೆಯೇ ಮುಗಿದಿತ್ತು. ತಮಿಳುನಾಡು 2020ರ ಜನವರಿಯಲ್ಲಿ ಆರಂಭವಾಗಿ ಕೋವಿಡ್ ಕಾಲಕ್ಕೂ ಚಾಚಿದ ಎರಡನೇ ಹಂತದಲ್ಲಿತ್ತು.

ಇಷ್ಟೆಲ್ಲ ಆದ ಮೇಲೂ ಲೆಕ್ಕಕ್ಕೆ ಸಿಗದ ಮಕ್ಕಳಿದ್ದರು. ಇದು ಮನೆಗಳ ಸಮೀಕ್ಷೆ. ವಸತಿ ಶಾಲೆ, ಹಾಸ್ಟೆಲುಗಳಲ್ಲಿರುವವರು ಇದರಲ್ಲಿಲ್ಲ. ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲೋ ಕಬ್ಬಿನ ಗದ್ದೆಯ ಬದಿಯ ಜೋಪಡಿಯಲ್ಲೋ ಇರುವ ಕುಟುಂಬದ ಮಗು, ಊರಿನ ಬೀಗ ಹಾಕಿದ ಮನೆಯಲ್ಲೂ ಸಿಗುವುದಿಲ್ಲ, ಹೊಸ ಜಾಗದ ಪಟ್ಟಿಯಲ್ಲೂ ಬಹುತೇಕ ಇರುವುದಿಲ್ಲ. ಇವರಿಗಾಗಿ ನಾನು ಯಾವ ಪ್ರಮಾಣವನ್ನೂ ಊಹಿಸಲಿಲ್ಲ. ಎರಡು ಅಂದಾಜುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ, ಯಾರು ಇದರಲ್ಲಿ ಸೇರಿಲ್ಲವೆಂದು ಬರೆದು, ಅಂಕಿ ಇರಬೇಕಾದ ಜಾಗವನ್ನು ಖಾಲಿ ಬಿಟ್ಟು ಕಳುಹಿಸಿದೆ.