ಕಾಲರ್ ಮೈಕ್ ಇಲ್ಲದೆ ಕೊನೆಯ ಸಾಲಿಗೆ ಹಾಡು ಮುಟ್ಟಿಸಿದ್ದು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಹೆಚ್ಚುಕಮ್ಮಿ 400 ಕುರ್ಚಿಯ ಹಾಲ್. ಕಾಲು ಪೇಟಿ, ತಬಲಾ, ಎಂಟು ಮಂದಿ ಹಾಡುವ ನಟರು. ಒಬ್ಬರಿಗೂ ಮೈಕ್ ಇಲ್ಲ. ಕೊನೆಯ ಸಾಲಿನವರಿಗೆ ಹಾಡಿನ ಪ್ರತಿ ಅಕ್ಷರ ಕೇಳಿಸಿತು. "ಮೈಕ್ ಇಲ್ದ ಯಾರ್ ಕೇಳ್ತಾರ್ರೀ?" ಎಂದು ವರ್ಷಗಟ್ಟಲೆ ತಲೆಯಾಡಿಸುತ್ತಿದ್ದ ಪೇಟಿ ಮಾಸ್ತರರೇ ಆಟ ಮುಗಿದ ಮೇಲೆ ಬಂದು, "ಹ್ಯಾಂಗ್ ಮಾಡಿಸಿದ್ರಿ, ಹೇಳ್ರಿ" ಅಂದರು. ರಂಗಗೀತೆ ಕಲಿಸುವ ಬೇರೆಯವರೂ ಅದನ್ನೇ ಕೇಳುತ್ತಿದ್ದಾರೆ.

ಇದಕ್ಕೆ ಕೈ ಹಾಕಿದ್ದೇ ದುಡ್ಡಿನ ಕಾಟಕ್ಕೆ. ಎಂಟು ಕಾಲರ್ ಮೈಕ್, ಮಿಕ್ಸರ್, ಆಪರೇಟರ್ ಸೇರಿ ಒಂದು ಆಟಕ್ಕೆ 12-13 ಸಾವಿರ ಹೋಗುತ್ತಿತ್ತು. ಎಷ್ಟೋ ಸಲ ಟಿಕೆಟ್ ದುಡ್ಡು ಅಷ್ಟೂ ಬರುತ್ತಿರಲಿಲ್ಲ. ಗದಗ ಕಡೆ ಒಂದು ಆಟದಲ್ಲಿ ನಾಯಕನ ಮೈಕಿನ ಬ್ಯಾಟರಿ ನಡುವೆಯೇ ಹೋಯಿತು. ಅವನ ದನಿ ಐದನೇ ಸಾಲು ದಾಟಲಿಲ್ಲ. ಹುಡುಗನ ಕಂಠ ಒಳ್ಳೆಯದೇ. ದನಿ ಬಿಚ್ಚಿ ಹಾಡುವ ರೂಢಿ ಇರಲಿಲ್ಲ, ಅಷ್ಟೇ.

ಗದುಗಿನಲ್ಲೇ ಹೀಗಾಗಿದ್ದು ನನಗೆ ಬಹಳ ನೋವು ಕೊಟ್ಟಿತು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು ಅದು. ಪುಟ್ಟರಾಜ ಗವಾಯಿಗಳು ಆಶ್ರಮ ನಡೆಸಲು ನಾಟಕ ಕಂಪನಿ ಕಟ್ಟಿದ ಊರು. ಅತ್ತ ಅಮೆರಿಕದ ಬ್ರಾಡ್‌ವೇ ರಂಗಭೂಮಿಯಲ್ಲಿ ನಟಿ ಎಥೆಲ್ ಮರ್ಮನ್ 1930ರಲ್ಲಿ ಒಂದೇ ಎತ್ತರದ ಸ್ವರವನ್ನು ಹದಿನಾರು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಹಿಡಿದು ನಿಂತರು, ಅದೂ ಮೈಕ್ ಇಲ್ಲದೆ. ಅಂಥ ಹಾಡಿಗೆ ಅಲ್ಲಿ ಬೆಲ್ಟಿಂಗ್ ಅನ್ನುತ್ತಾರೆ. ಅಲ್ಲಿನ ಈಗಿನ ನಟಿಯರಾದ ಇಡಿನಾ ಮೆಂಜೆಲ್, ಸಿಂಥಿಯಾ ಎರಿವೊ ಅವರ ದನಿಯೂ ಭಾರಿ ಗಟ್ಟಿ, ಆದರೆ ಈಗ ಅಲ್ಲಿ ನಟರ ಕೂದಲಲ್ಲಿ ಮೈಕ್ ಅಡಗಿರುತ್ತದೆ. ಮರ್ಮನ್ ಅವರ ಹಳೆಯ ರೆಕಾರ್ಡಿಂಗ್ ಎಷ್ಟು ಸಲ ಕೇಳಿದೆನೋ. ಹಾಡು ಮಾತಿನ ಪಕ್ಕದಲ್ಲೇ ಇರುತ್ತದೆ, ಅಕ್ಷರ ಎಲ್ಲೂ ತೇಲುವುದಿಲ್ಲ. ನಮ್ಮ ಹಳೆಯ ಕಂಪನಿ ನಟರ ಹಾಡಿನಲ್ಲೂ ನನಗೆ ಇದೇ ಕೇಳಿಸುತ್ತದೆ.

ಶ್ರುತಿ ಏರಿಸಿದರೇ ದನಿ ದೂರ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅದನ್ನೇ ಮೊದಲು ನೋಡಿದೆವು. ಗಂಡು ಹುಡುಗರು ಕಪ್ಪು ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದರು. ತಿಂಗಳೊಳಗೆ ಇಬ್ಬರ ಗಂಟಲು ಕೂತಿತು. ಡಾಕ್ಟರ್ ಮೂರು ವಾರ ಮಾತೇ ಬೇಡ ಅಂದರು. ಔಷಧ, ತಪಾಸಣೆಗೆ ಐದಾರು ಸಾವಿರ. ಒಂದು ಆಟ ರದ್ದಾಗಿ ಹಾಲ್ ಅಡ್ವಾನ್ಸ್ ಎಂಟು ಸಾವಿರವೂ ಹೋಯಿತು.

ಆಮೇಲೆ ಉಲ್ಟಾ ಹೊರಟೆ. ಹುಡುಗರಿಗೆ ಕಪ್ಪು ಎರಡು, ಹುಡುಗಿಯರಿಗೆ ಕಪ್ಪು ಐದರಿಂದ ನಾಲ್ಕು. "ಶ್ರುತಿ ಇಳಿಸಿದ್ರ ನಾಟಕ ಬೀಳ್ತದ" ಎಂದು ಸುತ್ತಲಿನವರು ಅಂದರು. ಬೀಳಲಿಲ್ಲ. ಹಾಡಿಗೆ ಮೊದಲು ಕೂಗು ಕಲಿಸಿದೆ. ಹೊಲದ ಆ ಬದುವಿನಲ್ಲಿರುವ ಅವ್ವನನ್ನು "ಏ ಯವ್ವಾ!" ಎಂದು ಕರೆಯುತ್ತೇವಲ್ಲ, ಆ ದನಿ. ಅದರಲ್ಲೇ ಹಾಡಿನ ಸಾಲನ್ನು ಮಾತಾಗಿ ಹೇಳಿಸುವುದು. ಆಮೇಲೆ ಸ್ವರಕ್ಕೆ ಕೂಡಿಸುವುದು. ಎದೆ ತುಂಬಾ ಉಸಿರು ತುಂಬಬಾರದು. ತುಂಬಿದರೆ ಗಂಟಲು ಬಿಗಿಯುತ್ತದೆ. ತಾರ ಷಡ್ಜದ (ಮೇಲಿನ 'ಸ') ಮೇಲೆ 'ಈ' ಬಂದರೆ ಬಾಯಿ ಸ್ವಲ್ಪ 'ಎ' ಕಡೆ ತೆರೆಸುತ್ತೇನೆ. ಕೇಳುವವರಿಗೆ 'ಈ' ಅಂತಲೇ ಕೇಳುತ್ತದೆ. ದಿನಕ್ಕೆ ಹದಿನೈದು-ಇಪ್ಪತ್ತು ನಿಮಿಷ, ಜಾಸ್ತಿ ಬೇಡ.

ತಾರ ಗಾಂಧಾರ (ಮೇಲಿನ 'ಗ') ದಾಟುವಾಗ ದವಡೆಗೆ ಮಾಡಿಸುವ ಒಂದು ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ನಿಂತು ತಿದ್ದದೆ ಮಾಡಿದರೆ ಕಂಠ ಕೆಡುತ್ತದೆ. ತಾಲೀಮಿಗೆ ಬಂದವರಿಗೆ ತೋರಿಸುತ್ತೇನೆ.

ನಮ್ಮಲ್ಲಿ ಒಬ್ಬ ಹುಡುಗಿಗೆ "ನಿಂದು ಗಂಡುದನಿ" ಎಂದು ಹೇಳಿ ಹೇಳಿ ಮೊದಲಿನ ತಂಡದಲ್ಲಿ ಹಾಡೇ ಕೊಟ್ಟಿರಲಿಲ್ಲ. ಸಿನಿಮಾ ಗಾಯಕಿಯರ ಹಾಗೆ ತೆಳ್ಳಗೆ ಹಾಡಲು ಹೋಗಿ ಸೋತಿದ್ದಳು. "ತಂಗೀ, ಗಂಗೂಬಾಯಿ ಹಾನಗಲ್ ಇದೇ ಹುಬ್ಬಳ್ಳಿಯವರು" ಎಂದೆ. ಟಾನ್ಸಿಲ್ ಚಿಕಿತ್ಸೆಯ ನಂತರ ಅವರ ದನಿ ದಪ್ಪವಾಯಿತು, ಆ ದಪ್ಪ ದನಿಯಲ್ಲೇ ದೇಶ ಗೆದ್ದರು. ಆರು ತಿಂಗಳಲ್ಲಿ ಈ ಹುಡುಗಿ ನಮ್ಮ ತಂಡದ ಅತಿ ಗಟ್ಟಿ ದನಿ ಆದಳು. ಇಂಥ ಕಂಠ ಈಗ ಈ ಭಾಗದಲ್ಲಿ ಬೇರೆ ತಂಡದವರ ಹತ್ತಿರ ನಾನು ಕೇಳಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ.

ಪೇಟಿಯ ಕಪ್ಲರ್ (ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಸ್ವರವನ್ನೂ ನುಡಿಸುವ ಜೋಡಣೆ) ಬಂದ್ ಮಾಡಿಸಿದೆವು, ಒಂದು ಸಾಲು ರೀಡ್ ಮುಚ್ಚಿಸಿದೆವು. ಮಾಸ್ತರರಿಗೆ ಸಿಟ್ಟು ಬಂತು, ಆದರೆ ನಟರ ಅಕ್ಷರ ಮೇಲೆದ್ದವು. ರಂಗದ ಕೆಳಗೆ ಮಣ್ಣಿನ ಹರವಿ ಇಟ್ಟರೆ ದನಿ ತಿರುಗುತ್ತದೆ ಎಂದು ಯಾರೋ ಹೇಳಿದರು. ಎರಡು ಸಾವಿರದ ಹರವಿ ತಂದೆವು. ನನ್ನ ಕಿವಿಗೆ ಏನೂ ಫರಕು ಗೊತ್ತಾಗಲಿಲ್ಲ. ಫರಕು ಬಿದ್ದದ್ದು ಹಿಂದಿನ ಮಖಮಲ್ ಪರದೆ ತೆಗೆದಾಗ. ಅದು ದನಿ ನುಂಗುತ್ತಿತ್ತು. ಬದಲಿಗೆ ಬಣ್ಣ ಬಳಿದ ಪ್ಲೈವುಡ್ ನಿಲ್ಲಿಸಿದೆವು. ಸುಮಾರು ಒಂಬತ್ತು ಸಾವಿರ ಬಿತ್ತು, ಆದರೆ ಒಂದೇ ಆಟದ ಮೈಕ್ ಬಾಡಿಗೆಯೊಳಗೆ ಮುಗಿಯಿತು.

ಬಯಲಿನಲ್ಲಿ ಇನ್ನೂ ಕಷ್ಟ ಇದೆ. ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಇನ್ನೂರು ಜನರವರೆಗೆ ದನಿ ಮುಟ್ಟಿತು, ಆಚೆಗೆ ಗಾಳಿ ಹೊತ್ತೊಯ್ದಿತು. ಸದ್ಯ ಅಲ್ಲಿ ನೆಲದ ಮೇಲೆ ಒಂದು ಮೈಕ್ ಇಡುತ್ತೇವೆ. ದೊಡ್ಡಾಟದಲ್ಲಿ ಹಿಮ್ಮೇಳದವರು ಸಾಲಿನ ಕೊನೆಯನ್ನು ಎತ್ತಿ ಹಿಡಿಯುತ್ತಾರೆ, ಅಷ್ಟರಲ್ಲಿ ನಟನಿಗೆ ಉಸಿರು ಸಿಗುತ್ತದೆ. ಬರುವ ಜಾತ್ರೆಗಳಲ್ಲಿ ಅದನ್ನೇ ಹಚ್ಚಿ ನೋಡುತ್ತೇವೆ.