ಹಾಡು ಹಾಕಿದರೆ ನೀಲಿ ಪರದೆ

ರಾಯಚೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮೇ ತಿಂಗಳಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ದಿನಕ್ಕೆ ಮೂರ್ನಾಲ್ಕು ಸಲ ಎಲ್ಲ ನಿಂತುಹೋಗಿ ದೋಷ ತೋರಿಸುವ ನೀಲಿ ಪರದೆ, ಆಮೇಲೆ ತಾನೇ ರೀಸ್ಟಾರ್ಟ್. ನಮ್ಮೂರ ಬಿಸಿಲು ಗೊತ್ತಲ್ಲ, ಕಾವಿಗೇ ಹೀಗಾಗುತ್ತಿದೆ ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿ ಧೂಳು ಊದಿದೆ. ಟೇಬಲ್ ಫ್ಯಾನನ್ನೂ ಅದರ ಕಡೆಗೇ ತಿರುಗಿಸಿದೆ. ನಾನು ಬೆವೆತಿದ್ದಷ್ಟೇ ಬಂತು.

ಪಕ್ಕದ ಅಂಗಡಿ ಹುಡುಗ ಹೇಳಿದ, "ಅಣ್ಣಾ, ನೀವು ಹಾಡು ಹಾಕಿದಾಗ್ಲೇ ಇದು ಬಂದ್ ಆಗ್ತದ ನೋಡ್ರಿ." ಹೌದಲ್ವಾ! ಇಡೀ ದಿನ ಪ್ರಿಂಟ್ ತೆಗೆದರೂ ಏನೂ ಆಗುತ್ತಿರಲಿಲ್ಲ. ಒಂದು ವಿಡಿಯೋ ಒತ್ತಿದರೆ ಸಾಕು, ಗರ್‍ರ್ ಅಂತ ಒಂದೇ ಸದ್ದು ಸಿಕ್ಕಿಹಾಕಿಕೊಂಡು ಪರದೆ ನೀಲಿ. ಮುಂದಿನ ಸಲ ಬೇಗ ಮೊಬೈಲಿನಲ್ಲಿ ಫೋಟೋ ತೆಗೆದೆ. ದೋಷದ ಹೆಸರು ಹೇಳುವ ಸ್ಟಾಪ್ ಕೋಡ್ ಕೆಳಗೆ, 'ವಾಟ್ ಫೇಲ್ಡ್' ಅನ್ನುವ ಸಾಲಿನಲ್ಲಿ ಆಡಿಯೋ ಡ್ರೈವರಿನ, ಅಂದರೆ ಸೌಂಡ್ ಭಾಗವನ್ನು ನಡೆಸುವ ಪ್ರೋಗ್ರಾಮಿನ, ಫೈಲ್ ಹೆಸರೇ ಇತ್ತು. ಇಂಥ ಡ್ರೈವರ್ ಕೆಲಸ ಮಾಡೋದು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೆ. ಅಲ್ಲಿ ಎಡವಟ್ಟಾದರೆ ಒಂದು ಪ್ರೋಗ್ರಾಂ ಅಲ್ಲ, ಇಡೀ ಸಿಸ್ಟಮ್ಮೇ ಕೂತುಬಿಡುತ್ತದೆ.

ಬೇಕೇಬೇಕಾದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ, ಕಂಪ್ಯೂಟರಿನ ಭಾಗಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್ ತೆಗೆದೆ. ಹಿಂದಿನ ಡ್ರೈವರಿಗೆ ಮರಳುವ 'ರೋಲ್ ಬ್ಯಾಕ್' ಬಟನ್ ಮಸುಕಾಗಿತ್ತು, ಒತ್ತಲು ಬರಲಿಲ್ಲ. ಸರಿ, ಆಡಿಯೋ ಡಿವೈಸನ್ನೇ ಅನ್‌ಇನ್‌ಸ್ಟಾಲ್ ಮಾಡಿದೆ. ಆದರೆ ಡ್ರೈವರ್ ಸಾಫ್ಟ್‌ವೇರ್ ಅಳಿಸುವ ಚೌಕಕ್ಕೆ ಟಿಕ್ ಹಾಕೋದು ಮರೆತಿದ್ದೆ. ರೀಸ್ಟಾರ್ಟ್ ಆಗುತ್ತಲೇ ಅದೇ ಕೆಟ್ಟ ಡ್ರೈವರ್ ವಾಪಸ್ ಬಂದು ಕೂತಿತ್ತು! ಎರಡನೇ ಸಲ ಟಿಕ್ ಹಾಕಿಯೇ ತೆಗೆದೆ.

ಈಗ ವಿಂಡೋಸ್‌ನದೇ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಡ್ರೈವರ್ ಇದೆ. ಹಾಡಿನ ಬೇಸ್, ಅಂದರೆ ದಪ್ಪ ಸದ್ದು, ಸ್ವಲ್ಪ ಕಡಿಮೆ ಅನಿಸುತ್ತದೆ. ಇರಲಿ, ಎರಡು ವಾರದಿಂದ ನೀಲಿ ಪರದೆ ಕಂಡಿಲ್ಲ.