ಲ್ಯಾಪ್ (ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಕ್) ಹರ್ನಿಯಾ ಕೇಸ್‌ಗೆ ಉಪಕರಣಗಳ ಟ್ರಾಲಿ ಹಾಕುವಾಗ

ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಹೊಸದಾಗಿ ಬಂದಿರುವ ನರ್ಸ್, ಟೆಕ್ನಿಷಿಯನ್‌ಗಳು ಇದನ್ನು ಗಮನಿಸಿ. ಮೆಶ್ (ಹರ್ನಿಯಾ ಜಾಗಕ್ಕೆ ಹಾಕುವ ಬಲೆ) ಪ್ಯಾಕೆಟ್ ಮೊದಲೇ ಒಡೆದು ಇಡಬೇಡಿ. ಒಳಗೆ ಜಾಗ ಸಿದ್ಧವಾಗಿ ಸರ್ಜನ್ ಕೇಳಿದ ಮೇಲೆ ಸೈಜು, ಎಕ್ಸ್‌ಪೈರಿ ಜೋರಾಗಿ ಓದಿ ಹೇಳಿ, ಆಮೇಲೆ ತೆರೆಯಿರಿ. ತೊಡೆಸಂದಿನ ಹರ್ನಿಯಾಗೆ ಸಾಮಾನ್ಯವಾಗಿ 15×10 ಸೆಂ.ಮೀ. ಮೆಶ್ ಹಾಕುತ್ತಾರೆ. ಮುಟ್ಟುವ ಮುಂಚೆ ಗ್ಲೌಸ್ ಬದಲಿಸಿ. ಮೆಶ್ ರೋಗಿಯ ಚರ್ಮಕ್ಕೆ ತಾಗಬಾರದು, ಸುರುಳಿ ಸುತ್ತಿ 10 ಎಂಎಂ ಪೋರ್ಟ್‌ನಿಂದ (ಉಪಕರಣ ಒಳಗೆ ಹಾಕುವ ಕೊಳವೆ) ನೇರ ಒಳಗೆ ಹೋಗಬೇಕು. ಸೋಂಕಾದ ಮೆಶ್ ಹೊರಗೆ ತೆಗೆಯೋದು ಎಷ್ಟು ಕಷ್ಟ ಅಂತ ನೋಡಿದವರಿಗೆ ಗೊತ್ತು.

30 ಡಿಗ್ರಿ ಸ್ಕೋಪ್‌ಗೆ (ಒಳಗೆ ಓರೆಯಾಗಿ ನೋಡುವ ದೂರದರ್ಶಕದಂಥ ಕೊಳವೆ) ವೈಟ್ ಬ್ಯಾಲೆನ್ಸ್ ಮಾಡಿ, ಅಂದರೆ ಬಣ್ಣ ಸರಿಯಾಗಿ ಕಾಣುವಂತೆ ಕ್ಯಾಮೆರಾ ಹೊಂದಿಸಿ. ಬಿಸಿ ಸಲೈನ್ ಪಕ್ಕದಲ್ಲೇ ಇರಲಿ, ತುದಿ ಅದ್ದಿ ಒರೆಸಿದರೆ ಮಂಜು ಕಟ್ಟೋದು ಕಡಿಮೆ. ಉರಿಯುತ್ತಿರುವ ಲೈಟ್ ಕೇಬಲ್ ತುದಿಯನ್ನು ಡ್ರೇಪ್ ಮೇಲೆ ಇಡಲೇಬೇಡಿ. ಡ್ರೇಪ್ ಸುಟ್ಟು ರೋಗಿಗೂ ಗಾಯವಾಗಬಹುದು. ಕೆಳಗಿಡುವ ಮೊದಲು ಲೈಟ್ ಸೋರ್ಸನ್ನು ಸ್ಟ್ಯಾಂಡ್‌ಬೈಗೆ ಹಾಕಿಸಿ. ಡಯಾಥರ್ಮಿಗೆ (ವಿದ್ಯುತ್ ಶಾಖದಿಂದ ಕತ್ತರಿಸಿ ರಕ್ತ ನಿಲ್ಲಿಸೋದು) ಬಳಸುವ ಕತ್ತರಿ, ಗ್ರಾಸ್ಪರ್‌ಗಳನ್ನು (ಹಿಡಿಯುವ ಉಪಕರಣ) ಬೆಳಕಿಗೆ ಹಿಡಿದು ನೋಡಿ. ಇನ್ಸುಲೇಶನ್‌ನಲ್ಲಿ ಸಣ್ಣ ಬಿರುಕಿದ್ದರೂ ಬದಲಿಸಿ.

ರೋಗಿ ಮೂತ್ರ ಮಾಡಿ ಬಂದಿದ್ದಾರಾ ಅಂತ ಕೇಳಲು ಮರೆಯಬೇಡಿ. ಮೂತ್ರಕೋಶ ತುಂಬಿದ್ದರೆ ಕೆಲಸಕ್ಕೆ ಜಾಗ ಸಿಗಲ್ಲ, ಅದಕ್ಕೆ ಪೆಟ್ಟಾಗುವ ಭಯವೂ ಜಾಸ್ತಿ ಅಲ್ವಾ. ಓಪನ್ ಸೆಟ್ (ಹೊಟ್ಟೆ ತೆರೆದು ಆಪರೇಷನ್ ಮಾಡಬೇಕಾಗಿ ಬಂದರೆ ಬಳಸುವ ಉಪಕರಣಗಳು) ಕೂಡ ಕೈಗೆ ಸಿಗುವಂತೆ ಇರಲಿ.